ಎಷ್ಟು ಅಲ್ಲ, ಯಾವಾಗ

ಶೃಂಗೇರಿಯ ಹತ್ತಿರ ಕಿಗ್ಗ ಎಂಬ ಊರಿದೆ. ಅಲ್ಲಿನ ಗುಡಿಯ ದೇವರು ಋಷ್ಯಶೃಂಗೇಶ್ವರ. ಅಂಗರಾಜ್ಯದ ಬರ ನೀಗಿಸಲು ಕರೆತಂದ ಋಷಿ, ಕಾಲಿಟ್ಟಲ್ಲೆಲ್ಲ ಮಳೆ ತಂದವನು ಎಂಬ ಹಳೆಯ ಕಥೆಯ ಋಷ್ಯಶೃಂಗನೇ ಇವನು. ಬರ ಬಿದ್ದ ವರ್ಷ ಬಯಲುಸೀಮೆಯ ರೈತರು ಇಲ್ಲಿಗೆ ಬಂದು ಮಳೆ ಬೇಡುತ್ತಾರೆ, ಮಂತ್ರಿಗಳೂ ಬಂದು ಪರ್ಜನ್ಯ ಪೂಜೆ ಮಾಡಿಸುತ್ತಾರೆ. ತಮಾಷೆಯೆಂದರೆ ಸುತ್ತಲಿನ ಮಲೆನಾಡಿನವರು ಇದೇ ದೇವರ ಮುಂದೆ ನಿಂತು 'ಸಾಕಪ್ಪಾ, ಇನ್ನು ನಿಲ್ಲಿಸು' ಎಂದೂ ಬೇಡಿಕೊಳ್ಳುತ್ತಾರೆ. ಒಂದೇ ಗರ್ಭಗುಡಿಗೆ ಎರಡು ಅರ್ಜಿ. ಎರಡರಲ್ಲೂ ಕೇಳುವುದು ಒಂದನ್ನೇ ಎಂದು ನನಗನ್ನಿಸುತ್ತದೆ: ಹದ.

ಹದ ಎನ್ನುವುದು ಅಳತೆಯ ಮಾತಲ್ಲ, ಹೊತ್ತಿನ ಮಾತು. ಬಿತ್ತುವ ಹದ, ಕುಂಟೆ ಹೊಡೆಯುವ ಹದ, ಕೊಯ್ಲಿನ ಹದ. ಹೊಲಕ್ಕೆ ಹೋದ ರೈತ ಒಂದು ಹಿಡಿ ಮಣ್ಣು ಎತ್ತಿ ಮುಷ್ಟಿಯಲ್ಲಿ ಹಿಸುಕುತ್ತಾನೆ. ಉಂಡೆಯಾಗಿ ಅಂಟಿಕೊಂಡರೆ ಹಸಿ ಹೆಚ್ಚಾಯಿತು. ಉಂಡೆ ಕಟ್ಟದೆ ಉದುರಿದರೆ ಹದ ಆರಿಹೋಯಿತು. ಉಂಡೆಯಾಗಿ, ಬೆರಳಿಂದ ಒತ್ತಿದರೆ ಪುಡಿಯಾದರೆ ಕೂರಿಗೆ ಕಟ್ಟಬಹುದು. ಸರ್ಕಾರದ ಮಳೆಮಾಪಕ ಹೇಳುವುದು ಮಾತ್ರ ಮಿಲಿಮೀಟರು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟುತ್ತದೆ. ಅಲ್ಲಿಂದ ಈಶಾನ್ಯಕ್ಕೆ ನೇರ ಗೆರೆ ಎಳೆದರೆ 200 ಕಿಲೋಮೀಟರಿನೊಳಗೆ ಸಿಗುವ ಚಳ್ಳಕೆರೆಯಲ್ಲಿ 500 ಮಿ.ಮೀ. ಆದರೆ ದೊಡ್ಡದು. ಅರಬ್ಬಿ ಸಮುದ್ರದಿಂದ ಬಂದ ಗಾಳಿ ಘಟ್ಟ ಏರುವಾಗ ತಣ್ಣಗಾಗಿ ನೀರನ್ನೆಲ್ಲ ಪಡುವಣ ಮಗ್ಗುಲಿಗೆ ಸುರಿದು, ಇಳಿಯುವಾಗ ಬೆಚ್ಚಗಾಗಿ ಒಣಗುತ್ತದೆ. ಮೂಡಲಿಗೆ ಉಳಿಯುವುದು ಮಳೆಯ ನೆರಳು. ಶಾಲೆಯ ಭೂಗೋಳ ಇಷ್ಟಕ್ಕೆ ಮುಗಿಯುತ್ತದೆ. ಈ ನಾಡಿನ ಕಸುಬು, ಊಟ, ಆಟ, ವಲಸೆಗಳನ್ನು ತಿದ್ದಿದ್ದು ಮಳೆ ಎಷ್ಟು ಬಂತು ಎನ್ನುವುದಕ್ಕಿಂತ ಯಾವಾಗ ಬಂತು ಎನ್ನುವುದು.

ನಮ್ಮ ಹಿರಿಯರ ಮಳೆಗಾಲದ ಪಟ್ಟಿಯೇ ಇದಕ್ಕೆ ಸಾಕ್ಷಿ. ಅವರು ಮಳೆಯನ್ನು ಅಳೆಯಲಿಲ್ಲ, ಹೆಸರಿಟ್ಟು ಕರೆದರು. ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರಾ ಹೀಗೆ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಇರುವ 13-14 ದಿನ ಆ ನಕ್ಷತ್ರದ ಮಳೆ. ಒಂದೊಂದಕ್ಕೂ ಒಂದು ಸ್ವಭಾವ, ಒಂದು ಗಾದೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ. ಮಖೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು. ಏಪ್ರಿಲ್ ಕೊನೆಯ ಭರಣಿಗೆ ನೆಲ ಹದ ಮಾಡುವ ಕೆಲಸ. ಆಗಸ್ಟ್ ಉತ್ತರಾರ್ಧದ ಮಖೆಗೆ ಹೊಡೆಬಿಚ್ಚುವ ಪೈರಿನ ಹೊಟ್ಟೆ ತುಂಬಿಸುವ ಕೆಲಸ. ಒಂದರ ಕೆಲಸವನ್ನು ಇನ್ನೊಂದು ಮಾಡಲಾರದು.

ಇಲ್ಲೊಂದು ತೊಡಕಿದೆ, ಗಾದೆಗಳನ್ನು ಹೊಗಳುವವರು ಇದನ್ನು ಹೇಳುವುದಿಲ್ಲ. ನಕ್ಷತ್ರದ ವರ್ಷ ಋತುಗಳ ವರ್ಷಕ್ಕಿಂತ ಸುಮಾರು 20 ನಿಮಿಷ ದೊಡ್ಡದು. ಭೂಮಿಯ ಅಕ್ಷ ಬುಗುರಿಯ ಹಾಗೆ ಮೆಲ್ಲಗೆ ಓಲಾಡುವುದರಿಂದ ಹೀಗಾಗುತ್ತದೆ. 20 ನಿಮಿಷ ಏನು ಮಹಾ ಅನ್ನಬಹುದು. ಆದರೆ 70 ವರ್ಷಕ್ಕೆ ಒಂದು ದಿನ, ಸಾವಿರ ವರ್ಷಕ್ಕೆ 14 ದಿನ ಜಾರುತ್ತದೆ. 14 ದಿನವೆಂದರೆ ಪೂರ್ತಿ ಒಂದು ಮಳೆ. ಸಾವಿರ ವರ್ಷದ ಹಿಂದೆ ಯಾರಾದರೂ ಒಂದು ನಕ್ಷತ್ರದ ಮಳೆಗೆ ಗಾದೆ ಕಟ್ಟಿದ್ದರೆ, ಅಂದು ಅವರು ನೋಡಿದ ಮೋಡ ಈಗ ಅದರ ಹಿಂದಿನ ನಕ್ಷತ್ರದ ಪಾಲಿಗೆ ಬಂದಿರುತ್ತದೆ. ಹಾಗಿದ್ದೂ ಗಾದೆಗಳು ಬಳಕೆಯಲ್ಲಿವೆಯೆಂದರೆ ಜನ ಅವನ್ನು ಸದ್ದಿಲ್ಲದೆ ತಿದ್ದುತ್ತಲೇ ಬಂದಿದ್ದಾರೆ ಎಂದೇ ನನ್ನ ಊಹೆ. ಹವಾಮಾನ ಬದಲಾದದ್ದರಿಂದ ಈಚೆಗೆ ನಕ್ಷತ್ರದ ಲೆಕ್ಕ ತಪ್ಪುತ್ತಿದೆ ಎನ್ನುವವರು ಈ ಹಳೆಯ ಜಾರುವಿಕೆಯನ್ನೂ ನೆನಪಿಡಬೇಕು.

ಕರಾವಳಿಯವರದು ಇನ್ನೂ ಖಚಿತವಾದ ಗಡಿ. ತುಳುವರ ಬೇಶ ತಿಂಗಳ ಹತ್ತನೆಯ ದಿನ, ಮೇ 24ರ ಸುಮಾರಿಗೆ, ಪತ್ತನಾಜೆ. ಅಂದಿಗೆ ಕೋಲ, ನೇಮ, ಜಾತ್ರೆ ಮುಗಿದವು. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ; ಮತ್ತೆ ಕಟ್ಟುವುದು ದೀಪಾವಳಿಯ ಆಚೆಗೆ. ಬಯಲಾಟಕ್ಕೆ ಬಯಲು ಬೇಕು, ಬಯಲಿಗೆ ಒಣ ರಾತ್ರಿ ಬೇಕು. ಹಾಗೆಂದು ಕಲಾವಿದರು ಸುಮ್ಮನೆ ಕೂರಲಿಲ್ಲ. ಮಳೆಗಾಲಕ್ಕೆ ತಾಳಮದ್ದಳೆ ಹಿಡಿಸಿತು. ವೇಷವಿಲ್ಲ, ಕುಣಿತವಿಲ್ಲ, ಜಗಲಿಯಲ್ಲೋ ಸಭಾಭವನದಲ್ಲೋ ಎದುರುಬದುರು ಕೂತು ಬರೀ ಮಾತಿನಲ್ಲಿ ಕರ್ಣನೂ ಕೃಷ್ಣನೂ ವಾದಿಸಬೇಕು. ಹೊರಗೆ ಧೋ ಎಂದು ಸುರಿಯುವಾಗ ಕಾಲಿಗೆ ಬಿಡುವು ಸಿಕ್ಕಿ ನಾಲಿಗೆ ಹರಿತವಾಯಿತು. ಕನ್ನಡದ ಅತ್ಯಂತ ತರ್ಕಬದ್ಧ ರಂಗಪ್ರಕಾರ ಹೀಗೆ ಬಿಡದ ಮಳೆಯಲ್ಲಿ ಪಳಗಿದ್ದು ನನಗೆ ಇವತ್ತಿಗೂ ಸೋಜಿಗ. ಇನ್ನು ಚಿಕ್ಕಮೇಳದವರು ಸಂಜೆ ಮನೆಮನೆಗೆ ಹೋಗಿ, ದೀಪದ ಮುಂದೆ ತುಸು ಹೊತ್ತು ಕುಣಿದು, ಮಳೆಗಾಲದ ಅಕ್ಕಿ ಸಂಪಾದಿಸುತ್ತಾರೆ.

ಕಡಲೂ ಬಾಗಿಲು ಹಾಕುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ನಿಷೇಧ. ಮಲ್ಪೆಯಲ್ಲಿ, ಮಂಗಳೂರಿನ ಧಕ್ಕೆಯಲ್ಲಿ ಬೋಟುಗಳು ಒಂದಕ್ಕೊಂದು ಒತ್ತಿಕೊಂಡು ನಿಲ್ಲುತ್ತವೆ. ಬಲೆ ಹೆಣೆಯುವುದು, ಇಂಜಿನ್ ಬಿಚ್ಚುವುದು, ಬಣ್ಣ ಬಳಿಯುವುದು ಎಲ್ಲ ಆಗಲೇ. ಮೀನು ಮೊಟ್ಟೆಯಿಡುವ ಕಾಲ ಎಂಬುದು ಕಾನೂನಿನ ಕಾರಣ. ಆದರೆ ಕಾನೂನು ಹುಟ್ಟುವ ಎಷ್ಟೋ ಮೊದಲೇ ಈ ಎರಡು ತಿಂಗಳು ಕಡಲು ಹೆಚ್ಚಿನವರನ್ನು ದಡದಲ್ಲೇ ಕೂರಿಸುತ್ತಿತ್ತು. ಆಗ ನೀರಿಗಿಳಿಯುವವರು ನಾಡದೋಣಿಯವರು ಮಾತ್ರ. ಅವರು ಕಾಯುವುದು ತೂಫಾನಿಗೆ. ಊರಿನವರೆಲ್ಲ ಹೆದರುವ ಅಬ್ಬರಕ್ಕೆ ಇವರು ದಾರಿ ನೋಡುತ್ತಾರೆ. ಕಡಲ ತಳ ಕಲಕಿ ಕೆಸರು ಎದ್ದರೆ ಸಿಗಡಿ, ಮೀನು ದಡದತ್ತ ಬರುತ್ತವೆ ಎಂಬುದು ಅವರ ಅನುಭವ. ತೂಫಾನ್ ಆಗಲೇ ಇಲ್ಲವೆಂದರೆ ಆ ವರ್ಷದ ನಾಡದೋಣಿ ಮೀನುಗಾರಿಕೆ ಸಪ್ಪೆ. ಉಬ್ಬರದ ಅಲೆ ದಾಟಿ ಅಳಿವೆಯಿಂದ ಆಚೆ ಹೋಗುವ ಆ ಹತ್ತು ನಿಮಿಷವೇ ಸಾಹಸ. ಅದರಲ್ಲಿ ದೋಣಿ ಮಗುಚಿ ಸತ್ತವರ ಸುದ್ದಿ ಪತ್ರಿಕೆಯ ಜಿಲ್ಲಾ ಪುಟದಲ್ಲಿ ನಾಲ್ಕು ಸಾಲಾಗಿ ಬರುತ್ತದೆ.

ಮಳೆಗಾಲದ ಇದೇ ಕಡಲಗಾಳಿಯನ್ನು ಮಾರಿದ ಊರೂ ಮಂಗಳೂರೇ. ಹಾಯಿಹಡಗಿನ ಕಾಲದಲ್ಲಿ ಇಲ್ಲಿಂದ ಹೊರಟ ಕಾಫಿ ಬೀಜ ಆಫ್ರಿಕಾದ ತುದಿ ಸುತ್ತಿ ಯುರೋಪು ಸೇರಲು ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಕಡಲಿನ ತೇವ ಕುಡಿದು ಬೀಜ ಉಬ್ಬಿ, ಹಸಿರು ಹೋಗಿ ಹುಲ್ಲಿನ ಹಳದಿಗೆ ತಿರುಗಿ, ಹುಳಿ ಇಳಿದು ಬೇರೆಯೇ ರುಚಿ ಬರುತ್ತಿತ್ತು. 1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು, ಉಗಿಹಡಗು ಬಂತು, ಬೀಜ ಬೇಗ ತಲುಪಿತು. ಅಲ್ಲಿನ ಗಿರಾಕಿಗಳು, ಹಳೆಯ ರುಚಿ ಎಲ್ಲಿ ಎಂದರು! ಉಪಾಯವೆಂದರೆ ಮಳೆಗಾಲದಲ್ಲಿ ಕರಾವಳಿಯ ಕಾಫಿ ಸಂಸ್ಕರಣಾ ಗೋದಾಮುಗಳ ಕಿಟಕಿ ಬಾಗಿಲು ತೆರೆದಿಟ್ಟು, ನೆಲದ ಮೇಲೆ ಬೀಜ ಹರಡಿ, ಆಗಾಗ ಕೈಯಾಡಿಸಿ, ಆಮೇಲೆ ಗೋಣಿಯಲ್ಲಿ ಸಡಿಲವಾಗಿ ತುಂಬಿ, ಸಾಲುಗಳ ನಡುವೆ ಗಾಳಿಯಾಡಲು ಜಾಗ ಬಿಟ್ಟು ಪೇರಿಸುವುದು. ಮೂರು ತಿಂಗಳ ಮೇಲೆ ಬೀಜ ಮತ್ತೆ ಹಳದಿ. ಮಾನ್ಸೂನ್ಡ್ ಮಲಬಾರ್ ಎಂಬ ಈ ಕಾಫಿಗೆ ಈಗ ಭೌಗೋಳಿಕ ಸೂಚಕದ ಮುದ್ರೆಯೂ ಇದೆ. ಒದ್ದೆಯಾಗುವುದೇ ಕಾಫಿಯ ಶತ್ರು ಎನ್ನುವ ಘಟ್ಟದ ಬೆಳೆಗಾರನಿಗೆ ಇದನ್ನು ಹೇಳಿದರೆ ನಕ್ಕಾನು.

ಏಕೆಂದರೆ ತೋಟದಲ್ಲಿ ಕಾಫಿ ಕೇಳುವುದು ಅಳೆದು ತೂಗಿದ ಮಳೆ. ಬೇಸಿಗೆಯ ಆರಂಭದಲ್ಲಿ ಮೊಗ್ಗು ಒಣಗಿ ಕಾಯುತ್ತಿರಬೇಕು. ಫೆಬ್ರವರಿಯಿಂದ ಏಪ್ರಿಲ್ ನಡುವೆ ಒಂದು ಹೂಮಳೆ, ಒಂದಿಂಚಿನಷ್ಟಾದರೂ, ಬೀಳಬೇಕು. ಎಂಟು ಹತ್ತು ದಿನದಲ್ಲಿ ಗಿಡವೆಲ್ಲ ಮಲ್ಲಿಗೆಯಂತೆ ಬಿಳಿ. ಮತ್ತೆರಡು ಮೂರು ವಾರಕ್ಕೆ ಕಾಯಿ ಹಿಡಿಸುವ ಇನ್ನೊಂದು ಮಳೆ, ತೋಟದವರ ಮಾತಿನಲ್ಲಿ ಬ್ಯಾಕಿಂಗ್ ಮಳೆ. ಹೂಮಳೆ ಅರ್ಧಕ್ಕೆ ನಿಂತರೆ ಮೊಗ್ಗು ಅರೆಬಿರಿದು ಕಮರುತ್ತದೆ. ಹೂವು ಅರಳಿದ ದಿನವೇ ಜಡಿದರೆ ಪರಾಗ ತೊಳೆದುಹೋಗುತ್ತದೆ. ಡಿಸೆಂಬರಿನಲ್ಲಿ ಕಣದ ಮೇಲೆ ಹಣ್ಣು ಹರಡಿದಾಗ ಬಂದ ಮಳೆಗಂತೂ ಶಾಪವೇ ಗತಿ. ರೊಬಸ್ಟಾ ಬೆಳೆಯುವವರು ಸ್ಪ್ರಿಂಕ್ಲರ್ ಹಾಕಿ ಹೂಮಳೆಯನ್ನು ತಾವೇ ಸುರಿಸಿಕೊಳ್ಳುವುದನ್ನು ಕಲಿತರು. ಕೆರೆ, ಹೊಳೆಯ ನೀರಿದ್ದವರ ಮಾತು ಅದು. ಇಲ್ಲದವರು ಮಾರ್ಚ್ ಇಡೀ ಆಕಾಶ ನೋಡುತ್ತಾರೆ.

ಅಡಿಕೆಯ ಕಥೆ ಇದಕ್ಕಿಂತ ಒದ್ದೆ. ಜೂನ್ ಮಳೆ ಹಿಡಿದು ತೋಟದಲ್ಲಿ ಗಾಳಿಯಾಡದೆ ತೇವ ನಿಂತರೆ ಎಳೆಗಾಯಿಗೆ ಕೊಳೆ ಹತ್ತುತ್ತದೆ. ಫೈಟಾಫ್ತೊರ ಎಂಬ ಸೂಕ್ಷ್ಮಜೀವಿಯ ಕೆಲಸ. ನೀರು ಸಿಡಿದಲ್ಲೆಲ್ಲ ಅದು ಹಬ್ಬಿ, ಬುಡದಲ್ಲಿ ಕಾಯಿಯ ಹಾಸಿಗೆಯೇ ಬೀಳುತ್ತದೆ. ಹಿಂದೆ ಗೊನೆಗೆ ಕೊಟ್ಟೆ ಕಟ್ಟುತ್ತಿದ್ದರು. ಮಳೆಗೆ ಅಂಗಿ ತೊಡಿಸಿದ ಹಾಗೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ರೋಗವನ್ನು ಕೂಲಂಕಷ ನೋಡಿ, 1910ರಲ್ಲಿ ಬರೆದ ವರದಿಯಲ್ಲಿ ಬೋರ್ಡೋ ದ್ರಾವಣದ ದಾರಿ ತೋರಿಸಿದರು. ಮೈಲುತುತ್ತ ಒಂದು ಕೆ.ಜಿ., ಸುಣ್ಣ ಒಂದು ಕೆ.ಜಿ., ನೀರು 100 ಲೀಟರ್. ನೂರು ವರ್ಷದ ಮೇಲಾಯಿತು, ಮಲೆನಾಡಿನ ಔಷಧಿ ಇಂದಿಗೂ ಅದೇ. ಮೊದಲ ಸಲ ಮಳೆ ಹಿಡಿಯುವ ಮುನ್ನ, ಎರಡನೆಯದು 40-45 ದಿನಕ್ಕೆ.

ಕೇಳಲು ಸುಲಭ. ಆದರೆ ಎರಡನೆಯ ಔಷಧಿಯ ದಿನ ಬರುವುದು ಜುಲೈ ನಡುವೆ, ಪುನರ್ವಸು ಪುಷ್ಯದ ಜಡಿಮಳೆಯಲ್ಲಿ. ಆಗ ಮನೆಯ ಯಜಮಾನ ಕಾಯುವುದು ಹೊಳವಿಗೆ. ಎರಡು ಮಳೆಯ ನಡುವೆ ಮೋಡ ಹರಿದು ಮೂರು ನಾಲ್ಕು ಗಂಟೆ ಬೆಳಕು ಬಿದ್ದರೆ ಅದು ಹೊಳವು. ಹೊಳವಾದ ದಿನವೇ ಎಲ್ಲರಿಗೂ ಕೊನೆಗಾರ ಬೇಕು. ಪಾಚಿ ಕಟ್ಟಿದ, ಕೈ ಜಾರುವ ಮರ ಹತ್ತಿ, ಒಂದು ಮರದಿಂದ ಇನ್ನೊಂದಕ್ಕೆ ತೂಗಿಕೊಂಡು ದಾಟುತ್ತ ಗೊನೆಗೆ ಸಿಂಪಡಿಸುವ ಆ ಮನುಷ್ಯನಿಗೆ ಚಾರಣಿಗರ ಹಾಗೆ ಹೆಲ್ಮೆಟ್ ಇಲ್ಲ, ಹಗ್ಗದ ಭರವಸೆ ಇಲ್ಲ. ಬಿದ್ದು ಸೊಂಟ ಮುರಿದುಕೊಂಡವರು ಅಡಿಕೆ ಸೀಮೆಯ ಊರೂರಲ್ಲೂ ಇದ್ದಾರೆ. ಈ ಕಸುಬಿಗೆ ಹೊಸಬರು ಬರುತ್ತಿಲ್ಲ; ನೆಲದಲ್ಲಿ ನಿಂತೇ ಹೊಡೆಯುವ ಕಾರ್ಬನ್ ಫೈಬರ್ ದೋಟಿ ಬಂದಿದೆ. ದೋಟಿಗೂ ಹೊಳವು ಬೇಕು.

ಚಾರಣಿಗರ ಮಾತು ಬಂದದ್ದಕ್ಕೆ ಹೇಳುತ್ತೇನೆ. ಮಳೆಗಾಲದ ಕುದುರೆಮುಖ, ಕೊಡಚಾದ್ರಿ ಈಗ ಬೆಂಗಳೂರಿನ ವಾರಾಂತ್ಯದ ಸಾಹಸ. ಮಂಜು, ಉಂಬಳ, ಜಾರುವ ಬಂಡೆ, ಮೊಬೈಲಿನಲ್ಲಿ ಒಂದು ಜಲಪಾತ. ನಾನೂ ಹೋದವನೇ, ಉಂಬಳಕ್ಕೆ ಉಪ್ಪು ಸವರಿದವನೇ. ಆದರೆ ಅದೇ ದಿನ ಅದೇ ಮಳೆಯಲ್ಲಿ ಕಂಬಳಿಕೊಪ್ಪೆ ಹೊದ್ದು ಗದ್ದೆಯಲ್ಲಿ ಬಗ್ಗಿದವರಿಗೆ ಹಿಂತಿರುಗುವ ಬಸ್ಸಿಲ್ಲ. ಆಟಿ ಅಮಾವಾಸ್ಯೆಗೆ ಕರಾವಳಿಯವರು ಬೆಳಗಿನ ಜಾವ ಹಾಲೆಮರದ ತೊಗಟೆಯ ಕಹಿ ಕಷಾಯ ಕುಡಿಯುತ್ತಾರೆ. ಕಕ್ಕಡ 18ಕ್ಕೆ ಕೊಡವರು ಮದ್ದುಸೊಪ್ಪಿನ ನೇರಳೆ ಬಣ್ಣದ ಪಾಯಸ ಉಣ್ಣುತ್ತಾರೆ. ತಿಂಗಳುಗಟ್ಟಲೆ ಒದ್ದೆಯಲ್ಲಿ ದುಡಿದ ಮೈಗೆ ಮದ್ದು ಎಂದು ಎರಡೂ ಕಡೆಯವರು ಹೇಳುತ್ತಾರೆ. ಘಟ್ಟದ ಈ ಮಗ್ಗುಲು ಆ ಮಗ್ಗುಲಿನ ಇಬ್ಬರಿಗೂ ಮದ್ದು ನೆನಪಾದದ್ದು ಒಂದೇ ತಿಂಗಳಲ್ಲಿ.

2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಮನೆ, ತೋಟ, ರಸ್ತೆ ಸಮೇತ ಕುಸಿದವು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಜರಿದು ಗಂಗಾವಳಿಗೆ ಇಳಿಯಿತು. ಎರಡರಲ್ಲೂ ಮಳೆ ಜೋರಾಗಿತ್ತು ನಿಜ. ಆದರೆ ಗುಡ್ಡದ ಬುಡ ಕಡಿದು ಸಮ ಮಾಡಿದ್ದು ಮಳೆಯಲ್ಲ. ಎಷ್ಟೋ ತಲೆಮಾರು ಬಿದ್ದ ಮಳೆಗೆ ನಿಂತಿದ್ದ ಇಳಿಜಾರು ಈಗೇಕೆ ನಿಲ್ಲಲಿಲ್ಲ ಎಂಬ ಪ್ರಶ್ನೆಯನ್ನು 'ದಾಖಲೆ ಮಳೆ' ಎಂಬ ಎರಡು ಪದ ಮುಚ್ಚಿಬಿಡುತ್ತದೆ.

ಘಟ್ಟ ಇಳಿದು ಮೂಡಲಿಗೆ ಹೋದರೆ ಮನೆಯ ಚಾವಣಿಯೇ ಬದಲಾಗುತ್ತದೆ. ಕರಾವಳಿ ಮಲೆನಾಡಿನದು ಕಡಿದಾದ ಮಾಡು. ಅದರ ಮೇಲಿನ ಮಂಗಳೂರು ಹೆಂಚು 1865ರಲ್ಲಿ ಬಾಸೆಲ್ ಮಿಷನ್ ಸುರುಮಾಡಿದ ಕಾರ್ಖಾನೆಯ ಸಂತಾನ. ವಿಜಯಪುರ, ಕಲಬುರಗಿಯದು ಮಣ್ಣಿನ ಮೇಲ್ಮುದ್ದೆಯ ಮಾಳಿಗೆ, ಮೊಳಗಟ್ಟಲೆ ದಪ್ಪ ಗೋಡೆ. ನೀರು ಇಳಿಯುವ ಚಿಂತೆಗಿಂತ ಬಿಸಿಲು ಒಳಗೆ ಬರುವ ಚಿಂತೆ ದೊಡ್ಡದು. ಏಪ್ರಿಲ್ ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ, ಜೊತೆಗೆ ವಿಜಯಪುರ ಬಾಗಲಕೋಟೆಗಳಲ್ಲಿ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಬಿಸಿಲಿಗೆ ಮಣಿದು ಸರ್ಕಾರ ಗಡಿಯಾರ ತಿರುಗಿಸಿದ್ದು ಅಲ್ಲೊಂದೇ ಕಡೆ. ಆ ಬಿಸಿಲಲ್ಲಿ ಉದ್ಯೋಗ ಖಾತ್ರಿಯ ಗುದ್ದಲಿ ಹಿಡಿದವರು, ಡಾಂಬರು ಹಾಕುವವರು ತಮ್ಮ ಗಡಿಯಾರವನ್ನು ತಾವೇ ನೋಡಿಕೊಳ್ಳಬೇಕು.

ಎರಿ ಭೂಮಿಯ ಬಿಳಿಜೋಳ ನನಗೆ ಹದದ ಅತ್ಯುತ್ತಮ ಪಾಠ. ಅದನ್ನು ಬಿತ್ತುವುದು ಮಳೆಗಾಲ ಮುಗಿಯುವ ಹೊತ್ತಿಗೆ, ಉತ್ತರೆ ಹಸ್ತಕ್ಕೆ. ಕಪ್ಪುಮಣ್ಣು ಕುಡಿದಿಟ್ಟ ತೇವ, ಮೇಲೆ ಇಬ್ಬನಿ, ಚಳಿ. ಇಷ್ಟರಲ್ಲೇ ಆಳೆತ್ತರ ಬೆಳೆದು ಫೆಬ್ರವರಿಗೆ ಕೊಯ್ಲು. ಎಳ್ಳ ಅಮಾವಾಸ್ಯೆಗೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುವುದು ಈ ಪೈರಿಗೇ. ಹೆಚ್ಚು ಕಡಿಮೆ ಮಳೆಯಿಲ್ಲದೆ ಬೆಳೆಯುವ ಬೆಳೆ, ಆದರೆ ಸೆಪ್ಟೆಂಬರಿನ ಒಂದು ಹದಮಳೆ ತಪ್ಪಿದರೆ ಬಿತ್ತನೆಯೇ ಇಲ್ಲ. ತಪ್ಪಿದ ವರ್ಷ ದೀಪಾವಳಿ ಮುಗಿಯುತ್ತಿದ್ದಂತೆ ಟೆಂಪೋಗಳು ಊರಿಗೆ ಬರುತ್ತವೆ. ಗುಳೆ. ಯಾದಗಿರಿ, ರಾಯಚೂರು, ಕೊಪ್ಪಳದ ಸಂಸಾರಗಳು ಬೆಂಗಳೂರು, ಪುಣೆ, ಗೋವಾ, ಮಂಗಳೂರಿಗೆ ಗಂಟು ಕಟ್ಟುತ್ತವೆ. ಮಳೆ ಹೆಚ್ಚಾದ ಸೀಮೆಯ ಮನೆಗಳನ್ನು ಮಳೆ ತಪ್ಪಿದ ಸೀಮೆಯ ಕೈಗಳು ಕಟ್ಟುತ್ತವೆ. ಮುಂಗಾರು ಹಿಡಿದರೆ ವಾಪಸು. ಶಾಲೆಯ ಹಾಜರಿ ಪುಸ್ತಕ ಮಾತ್ರ ಅವರೊಂದಿಗೆ ಹೋಗಿ ಬರುವುದಿಲ್ಲ.

ಇದು ಇಂದಿನದಲ್ಲ. 1876ರಿಂದ 78ರವರೆಗಿನ ಧಾತು, ಈಶ್ವರ ಸಂವತ್ಸರಗಳ ಬರದಲ್ಲಿ ಮೈಸೂರು ಸಂಸ್ಥಾನ ಎಷ್ಟು ಜನರನ್ನು ಕಳೆದುಕೊಂಡಿತೆಂದು ಜನಗಣತಿಯೇ ಹೇಳುತ್ತದೆ: 1871ರಲ್ಲಿ ಸುಮಾರು 50.5 ಲಕ್ಷವಿದ್ದ ಜನ 1881ಕ್ಕೆ 41.8 ಲಕ್ಷ. ಬರಪರಿಹಾರದ ಕೂಲಿಯಾಗಿಯೇ ಬೆಂಗಳೂರು–ಮೈಸೂರು ರೈಲುಹಾದಿಯ ಕೆಲಸ ಎದ್ದಿತು. ಇವತ್ತು ಆ ದಾರಿಯಲ್ಲಿ ಮದ್ದೂರು ವಡೆ ತಿನ್ನುತ್ತ ಹೋಗುವಾಗ ಹಳಿಯ ಕೆಳಗಿನ ಮಣ್ಣು ಯಾರು ಹೊತ್ತದ್ದೆಂದು ನೆನಪಾಗುವುದು ಕಷ್ಟ.

ಬರವನ್ನೇ ಬಾಡಿಗೆಗೆ ಕೊಟ್ಟ ಊರೂ ಒಂದಿದೆ. ತುಮಕೂರು ಜಿಲ್ಲೆಯ ಪಾವಗಡ ಹೆಚ್ಚು ಕಡಿಮೆ ಸದಾ ಬರಪಟ್ಟಿಯಲ್ಲಿದ್ದ ತಾಲ್ಲೂಕು. ಅಲ್ಲಿನ ಐದು ಹಳ್ಳಿಗಳ ಸುಮಾರು 13,000 ಎಕರೆ ಈಗ 2,050 ಮೆಗಾವಾಟಿನ ಸೌರ ಉದ್ಯಾನ. ಜಮೀನು ಮಾರಾಟವಾಗಿಲ್ಲ, ಗುತ್ತಿಗೆಗೆ ಹೋಗಿದೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಸುರು. ಕಡಲೆಕಾಯಿ ಕೈಕೊಟ್ಟ ನೆಲ ಬಿಸಿಲನ್ನು ಬೆಳೆಯಿತು. ಭೂಮಿ ಇದ್ದವರಿಗೆ ನೆಮ್ಮದಿ. ಆ ಹೊಲಗಳಲ್ಲಿ ಕಳೆ ಕೀಳುತ್ತಿದ್ದ, ಕುರಿ ಮೇಯಿಸುತ್ತಿದ್ದ ಭೂಮಿಯಿಲ್ಲದವರಿಗೆ ಗುತ್ತಿಗೆಯ ಕಾಗದದಲ್ಲಿ ಜಾಗವಿರಲಿಲ್ಲ. ನಮ್ಮ ದೇಶದ ಬಿಸಿಲು, ಗಾಳಿ ಎಲ್ಲಿ ಎಷ್ಟು ಎಂದು ದಶಕಗಳ ಕಾಲ ಅಳೆದು ಪುಸ್ತಕ ಮಾಡಿದವರು ಅನ್ನಾ ಮಣಿ. ಬೆಂಗಳೂರಿನಲ್ಲಿ ಸಿ.ವಿ. ರಾಮನ್ ಅವರ ಬಳಿ ಕಲಿತು, ಹವಾಮಾನ ಇಲಾಖೆಯಲ್ಲಿ ದುಡಿದು, ನಿವೃತ್ತಿಯ ನಂತರ ಇದೇ ಊರಲ್ಲಿ ಗಾಳಿ, ಬಿಸಿಲು ಅಳೆಯುವ ಉಪಕರಣ ತಯಾರಿಸಿದವರು. ಪಾವಗಡದ ಫಲಕಗಳನ್ನೂ ಚಿತ್ರದುರ್ಗದ ಗುಡ್ಡದ ಗಾಳಿಯಂತ್ರಗಳನ್ನೂ ಕಂಡಾಗ ನನಗೆ ಅವರ ನೆನಪಾಗುತ್ತದೆ.

ಅಳೆಯುವುದರಲ್ಲಿ ನಾವು ಹಿಂದೆ ಬಿದ್ದಿಲ್ಲ. ಬರ ಉಸ್ತುವಾರಿ ಘಟಕವೆಂದು 1988ರಲ್ಲಿ ಹುಟ್ಟಿದ ರಾಜ್ಯದ ಸಂಸ್ಥೆ ಈಗ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕ ಇಟ್ಟಿದೆ. ಅಂಕಿ ತಾನಾಗಿಯೇ ಬೆಂಗಳೂರು ಸೇರುತ್ತದೆ. ಅಡಿಕೆ, ಮೆಣಸಿನ ಹವಾಮಾನ ಆಧಾರಿತ ವಿಮೆಗೆ ಅದೇ ಆಧಾರ. ಆದರೆ ಮಾಪಕ ನಿಂತದ್ದು ಪಂಚಾಯಿತಿ ಕಚೇರಿಯ ಬಳಿ, ತೋಟ ಇರುವುದು ಗುಡ್ಡದ ಆಚೆ. ಮಲೆನಾಡಿನಲ್ಲಿ ಒಂದು ಗುಡ್ಡದ ಎರಡು ಮಗ್ಗುಲಿಗೆ ಎರಡು ಮಳೆ ಎಂದು ಮಕ್ಕಳಿಗೂ ಗೊತ್ತು.

2023 ಈ ಇಡೀ ಪ್ರಶ್ನೆಯನ್ನು ಒಂದೇ ವರ್ಷದಲ್ಲಿ ಇಟ್ಟು ತೋರಿಸಿತು. ಜೂನ್ ಕೈಕೊಟ್ಟಿತು. ಜುಲೈಯಲ್ಲಿ ಕರಾವಳಿ ಮಲೆನಾಡು ತುಂಬಿ ಹರಿಯಿತು, ಟಿ.ವಿ.ಯಲ್ಲಿ ಜಲಾಶಯದ ಚಿತ್ರ ಬಂತು. ಆಗಸ್ಟ್, ದೇಶದ ಲೆಕ್ಕದಲ್ಲೇ, 1901ರಿಂದೀಚೆಗೆ ಕಾಣದಷ್ಟು ಒಣ. ಮನೆಮಗ ಉಂಡಷ್ಟೂ ಒಳ್ಳೇದು ಎಂಬ ಮಖೆ ಬರಲೇ ಇಲ್ಲ. ಕೊನೆಗೆ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ರಾಜ್ಯ ಪರಿಹಾರಕ್ಕಾಗಿ ಸುಪ್ರೀಂ ಕೋರ್ಟಿಗೆ ಹೋಯಿತು. 18,000 ಕೋಟಿಗೂ ಹೆಚ್ಚು ಕೇಳಿದ್ದಕ್ಕೆ 2024ರ ಏಪ್ರಿಲಿನಲ್ಲಿ ಕೇಂದ್ರ ಬಿಡುಗಡೆ ಮಾಡಿದ್ದು ಸುಮಾರು 3,454 ಕೋಟಿ. ಮೊತ್ತದ ಜಗಳ ಇರಲಿ. ಹಣ ಬಂದದ್ದು ಮತ್ತೊಂದು ಭರಣಿ ಮಳೆಯ ಹೊತ್ತಿಗೆ. ಅದಕ್ಕೂ ಹದ ತಪ್ಪಿತ್ತು.

ಪ್ರತಿ ಏಪ್ರಿಲಿನಲ್ಲಿ ಹವಾಮಾನ ಇಲಾಖೆ ಈ ಸಲದ ಮುಂಗಾರು ವಾಡಿಕೆಯ ಶೇಕಡಾ ಇಂತಿಷ್ಟು ಎನ್ನುತ್ತದೆ. 96ರಿಂದ 104ರೊಳಗಿದ್ದರೆ ಸಾಮಾನ್ಯ. ಇಡೀ ದೇಶಕ್ಕೆ, ನಾಲ್ಕು ತಿಂಗಳಿಗೆ, ಒಂದು ಸಂಖ್ಯೆ. ಜೂನಿನ ಕಾರಹುಣ್ಣಿಮೆಗೆ ಉತ್ತರ ಕರ್ನಾಟಕದ ಊರುಗಳಲ್ಲಿ ಇನ್ನೊಂದು ಮುನ್ಸೂಚನೆ ಹೊರಬೀಳುತ್ತದೆ. ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಅಗಸೆಗೆ ಅಡ್ಡ ಕಟ್ಟಿದ ಕರಿ ಎಂಬ ತೋರಣ ಹರಿಯಲು ಓಡಿಸುತ್ತಾರೆ. ಕಂದು ಎತ್ತು ಮೊದಲು ದಾಟಿದರೆ ಮುಂಗಾರಿ ಬೆಳೆ ಚೆನ್ನ, ಬಿಳಿ ಎತ್ತು ದಾಟಿದರೆ ಹಿಂಗಾರಿ ಚೆನ್ನ. ಮಳೆ ಹೆಚ್ಚೋ ಕಡಿಮೆಯೋ ಎಂದು ಎತ್ತನ್ನು ಯಾರೂ ಕೇಳುವುದಿಲ್ಲ. ಎತ್ತಿನ ಉತ್ತರವನ್ನು ನಾನು ನಂಬುವುದಿಲ್ಲ, ಓಡಿಸಿದವರೂ ಪೂರ್ತಿ ನಂಬಿರುವಂತೆ ಕಾಣುವುದಿಲ್ಲ. ಕರಿ ಹರಿದ ಮಾರನೆಯ ದಿನ ಅವರು ಹೊಲಕ್ಕೆ ಹೋಗಿ ಒಂದು ಹಿಡಿ ಮಣ್ಣು ಎತ್ತಿ ಹಿಸುಕಿ ನೋಡುತ್ತಾರೆ.